ನೀರಿನ ಅಮಾನತ್ತು



ಮಳೆ ತಡವಾದಾಗ ನಾವು ಈದ್‌ಗಾದಲ್ಲಿ ಸೇರಿ ಇಸ್ತಿಸ್ಕಾ ನಮಾಝ್ ನಿರ್ವಹಿಸುತ್ತೇವೆ. ಕಣ್ಣೀರು ಸುರಿಸಿ ಪ್ರಾರ್ಥಿಸುತ್ತೇವೆ. ಆದರೆ ಅಲ್ಲಾಹನು ಈಗಾಗಲೇ ಕರುಣಿಸಿದ ನೀರನ್ನು ಹೇಗೆ ಬಳಸಿದೆವೆಂದು ಅಂದು ಯೋಚಿಸುತ್ತೇವೆಯೇ?

ನಿಶ್ಚಿತ ಪ್ರಮಾಣದಲ್ಲಿ ಮಳೆಯಿಳಿಸಿ, ಅದನ್ನು ಭೂಮಿಯಲ್ಲಿ ತಂಗಿಸಿದವನು ಅಲ್ಲಾಹನು. ಅದನ್ನು ಹಿಂದಕ್ಕೆ ಪಡೆಯಲೂ ಅವನು ಶಕ್ತನೆಂದು ಪವಿತ್ರ ಕುರ್‌ಆನಿನ ಅಲ್‌ಮೂಮಿನೂನ್ ಅಧ್ಯಾಯ (23:18) ತಿಳಿಸುತ್ತದೆ. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಮಾಂಜ್ರಾ ಜಲಾಶಯ ಬತ್ತಿ, ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. 2025ರ ಮಳೆಗಾಲದಲ್ಲಿ ಅದೇ ಮಾಂಜ್ರಾ ಉಕ್ಕಿತು. ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ಸೋಯಾ, ಉದ್ದು, ತೊಗರಿ ನೀರಲ್ಲಿ ನಿಂತವು.

ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವವನ್ನು ಹಿಡಿದಿಡುತ್ತದೆ. ಆದ್ದರಿಂದ ವಾರಗಟ್ಟಲೆ ಕಾಯಿಸಿದ ಮಳೆ ಒಂದೇ ರಾತ್ರಿಯಲ್ಲಿ ಸುರಿದುಬಿಡುತ್ತದೆ. ನೆಲ ಜಲಗಳಲ್ಲಿ ಹರಡುವ ಕ್ಷೋಭೆಗೆ ಮನುಷ್ಯರ ಕೈಗಳ ಗಳಿಕೆಯೇ ಕಾರಣವೆಂದು ಅರ್ರೂಮ್ ಅಧ್ಯಾಯ (30:41) ಎಚ್ಚರಿಸಿದೆ. ಹಾಗೆಂದು ಬೆಳೆ ಕಳೆದುಕೊಂಡ ಬಡ ರೈತನೊಡನೆ, ಇದು ನಿನ್ನ ಪಾಪದ ಫಲ ಎನ್ನಬೇಡಿರಿ. ಹೊಗೆಯುಗುಳಿದವರು ಬೇರೆ, ಅನುಭವಿಸುವವನು ಬೇರೆ. ಅವನಿಗೆ ಬೇಕಾದುದು ನಮ್ಮ ಉಪದೇಶವಲ್ಲ, ನಮ್ಮ ನೆರವು.

ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕಾರೇಜ್ ಇದೆ. ಕೆಂಪು ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೊರೆದ ಸುರಂಗದ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಜಿನುಗಿದಷ್ಟೇ ಹರಿಯುವುದು ಅದರ ನಿಯಮ. ನಾವೋ ಅಂಥ ಸುರಂಗದ ಬಾವಿಗಳಿಗೆ ಕಸ ತುಂಬಿದೆವು. ನೂರಾರು ಅಡಿ ಬೋರ್‌ವೆಲ್ ಕೊರೆದು, ಬರಗಾಲದಲ್ಲೂ ಕಬ್ಬಿಗೆ ನೀರುಣಿಸಿದೆವು. ನಮ್ಮ ಮೋಟಾರಿನ ಸದ್ದಿಗೆ ಪಕ್ಕದ ವಿಧವೆಯ ಬಾವಿ ಬತ್ತಿದರೆ ಪರಲೋಕದಲ್ಲಿ ವಿಚಾರಣೆಯಿಲ್ಲವೇ?

ಮದೀನಾದ ಮಹ್‌ಝೂರ್ ಹಳ್ಳದ ನೀರಿನ ಬಗ್ಗೆ ಪ್ರವಾದಿ(ಸ)ಯವರು ತೀರ್ಪು ನೀಡಿದ್ದರು: ಮೇಲಿನ ಹೊಲದವನು ಕಣಕಾಲಿನ ಮಟ್ಟದವರೆಗೆ ನೀರು ನಿಲ್ಲಿಸಿಕೊಂಡು, ಬಳಿಕ ಕೆಳಗಿನವನಿಗೆ ಬಿಡಬೇಕು. ಮೇಲಿರುವುದು ಒಡೆತನವಲ್ಲ, ಹೊಣೆ. ನಮ್ಮ ಮಾಂಜ್ರಾ ಗೋದಾವರಿಯನ್ನು ಸೇರಿ ಆಂಧ್ರದ ಕಡಲಂಚಿನ ಗದ್ದೆಗಳವರೆಗೆ ಹೋಗುತ್ತದೆ. ನದಿ ಸೊರಗಿದರೆ ಅಲ್ಲಿ ಉಪ್ಪುನೀರು ಒಳನುಗ್ಗುತ್ತದೆ. ನಾವು ಕಾಣದ ಆ ರೈತನೂ ನಮ್ಮ ಕೆಳಗಿನ ಹೊಲದವನೇ.

ಹಾಗಾದರೆ ಮಾಡಬೇಕಾದುದೇನು? ಹೊಲಕ್ಕೆ ಬದು ಹಾಕಿರಿ, ಕೃಷಿ ಹೊಂಡ ತೋಡಿರಿ. ಮಸೀದಿಯ ವುಝೂ ನೀರನ್ನು ಇಂಗುಗುಂಡಿಗೆ ಹರಿಸಿರಿ. ಮಿಕ್ಕ ನೀರನ್ನು ನೆರೆಯವನಿಗೆ, ಅವನು ಯಾವ ಧರ್ಮದವನಾದರೂ, ಕೊಡಿರಿ. ಹೊಲವನ್ನು ಗುತ್ತಿಗೆಗೆ ಕೊಟ್ಟವರೇ, ಬೆಳೆ ಕೊಚ್ಚಿಹೋದ ವರ್ಷ ಪೂರ್ತಿ ಹಣ ಕೇಳುವ ಮೊದಲು ಒಂದು ಹದೀಸನ್ನು ನೆನೆಯಿರಿ: ಮಾರಿದ ಹಣ್ಣು ವಿಪತ್ತಿಗೆ ತುತ್ತಾದರೆ ಸಹೋದರನಿಂದ ಅದರ ಬೆಲೆ ಪಡೆಯುವುದು ಸಮ್ಮತವಲ್ಲವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ.

ಮುಂದಿನ ಬಾರಿ ಈದ್‌ಗಾದಲ್ಲಿ ಕೈಯೆತ್ತುವಾಗ ಆ ಕೈಗಳ ಮೇಲೆ ನೆರೆಯವನ ಹಕ್ಕು ಬಾಕಿಯಿರದಿರಲಿ. ಅಲ್ಲಾಹನು ನಮ್ಮೆಲ್ಲರನ್ನು ಅನುಗ್ರಹಿಸಲಿ, ಆಮೀನ್.