ಹೊತ್ತಿಗೆ ಮುಂಚೆ ಕೂಗಿದ ಕೋಳಿ

2012ರ ಜುಲೈ 1, ಭಾನುವಾರ. ನಮ್ಮಲ್ಲಿ ಬೆಳಗಿನ ಐದೂವರೆ ಆಗುವ ಹೊತ್ತಿಗೆ ಜಗತ್ತಿನ ಗಡಿಯಾರಕ್ಕೆ ಒಂದು ಸೆಕೆಂಡು ಸೇರಿಸಿದರು. ಭೂಮಿ ತಿರುಗುವ ಗತಿಗೂ ಪರಮಾಣು ಗಡಿಯಾರಕ್ಕೂ ತಾಳೆ ತಪ್ಪದಿರಲೆಂದು 1972ರಿಂದ ನಡೆದುಬಂದ ಪದ್ಧತಿ ಇದು. ಪಂಚಾಂಗಕ್ಕೆ ಅಧಿಕ ಮಾಸವಿದ್ದಂತೆ ಗಡಿಯಾರಕ್ಕೆ ಅಧಿಕ ಸೆಕೆಂಡು. ಅಷ್ಟಕ್ಕೇ ಎಷ್ಟೋ ಲಿನಕ್ಸ್ ಸರ್ವರ್‌ಗಳು ಕೆಲಸವಿಲ್ಲದೆಯೂ ಏದುಸಿರು ಬಿಡತೊಡಗಿದವು.

ಆದದ್ದಿಷ್ಟು. ಕರ್ನಲ್ ತನ್ನ ದಿನದ ಗಡಿಯಾರವನ್ನು ಒಂದು ಸೆಕೆಂಡು ಹಿಂದಕ್ಕೆ ಸರಿಸಿತು. ಟೈಮರ್‌ಗಳನ್ನು ನೋಡಿಕೊಳ್ಳುವ ಒಳಭಾಗಕ್ಕೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ಇನ್ನು ಅರ್ಧ ಸೆಕೆಂಡಿಗೆ ಬರುವ ಹೊತ್ತನ್ನು ಹೇಳಿ, ಆಗ ಎಬ್ಬಿಸು ಎಂದು ಮಲಗಿದ ಪ್ರೋಗ್ರಾಂ ಕಣ್ಣು ಮುಚ್ಚುವ ಮೊದಲೇ ಎದ್ದಿತು. ಗಡಿಯಾರ ನೋಡಿದರೆ ಇನ್ನೂ ಹೊತ್ತಾಗಿಲ್ಲ. ಮತ್ತೆ ಮಲಗಿತು, ಮತ್ತೆ ಎದ್ದಿತು. ಸಿಪಿಯು ಎಲ್ಲ ಈ ಏಳುವ ಮಲಗುವ ಕೆಲಸಕ್ಕೇ ಸವೆಯಿತು.

ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗು ಎಂದುಕೊಂಡಿದ್ದ ಅಜ್ಜಿಯನ್ನು ನೆನೆದು ನಗುತ್ತೇವೆ. ಆದರೆ ನಿದ್ರೆಯಲ್ಲಿರುವ ಪ್ರೋಗ್ರಾಂಗೆ ಕೋಳಿಯ ಕೂಗು ಬಿಟ್ಟರೆ ಬೇರೆ ಬೆಳಗು ಎಲ್ಲಿದೆ? ಆ ಕೋಳಿಯಾದರೂ ಅವಸರ ಮಾಡಿತೆನ್ನಲು ನನಗೆ ಮನಸ್ಸಿಲ್ಲ. ತನಗೆ ತಿಳಿದ ಹೊತ್ತಿಗೆ ಕರಾರುವಾಕ್ಕಾಗಿಯೇ ಕೂಗಿತ್ತು. ಮನೆಯಲ್ಲಿ ಒಂದೇ ಗಡಿಯಾರ ಇದ್ದಿದ್ದರೆ ಅದು ಬೇಗ ಕೂಗಿತೆಂದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ತಡವನ್ನು ಕರ್ನಲ್ ಜಗತ್ತು ಸಹಿಸುತ್ತದೆ. ಪೋಸಿಕ್ಸ್ ನಿಯಮದ ಪ್ರಕಾರ, ಕೇಳಿದಷ್ಟು ಹೊತ್ತಾದರೂ ನಿದ್ರೆ ಸಿಗಲೇಬೇಕು. ಹೆಚ್ಚಾದರೆ ಅಡ್ಡಿಯಿಲ್ಲ, ಕಡಿಮೆಯಾಗುವಂತಿಲ್ಲ. (ನಡುವೆ ಸಿಗ್ನಲ್ ಬಂದು ಎಬ್ಬಿಸಿದರೆ ಆ ಮಾತು ಬೇರೆ.) ಈ ನಿಯಮ ಉಳಿಸಿಕೊಳ್ಳುವುದು ಕಾಣುವಷ್ಟು ಸುಲಭವಲ್ಲ. ಸೆಕೆಂಡಿಗೆ 100 ಸಲ ಮಿಡಿಯುವ ಕರ್ನಲ್‌ನಲ್ಲಿ ಒಂದು ಟಿಕ್ ಎಂದರೆ 10 ಮಿಲಿಸೆಕೆಂಡು. ಈಗಿನ ಟಿಕ್‌ನಲ್ಲಿ 9 ಆಗಲೇ ಕಳೆದಿದ್ದರೆ, 'ಒಂದು ಟಿಕ್ ಬಿಟ್ಟು' ಎಂದದ್ದು ಒಂದೇ ಮಿಲಿಸೆಕೆಂಡಿಗೆ ಬಂದು ನಿಲ್ಲುತ್ತದೆ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ 'ನಾಳೆ ಕೊಟ್ಟರಾಯಿತು' ಎಂದು ಸಾಲ ಕೊಟ್ಟವನು ಹನ್ನೆರಡು ಹೊಡೆದ ಕೂಡಲೇ ಬಾಗಿಲು ತಟ್ಟಿದ ಹಾಗೆ. ಅದಕ್ಕೇ ಬಲ್ಲವರು ಲೆಕ್ಕಕ್ಕೆ ಒಂದು ಕೂಡಿಸುತ್ತಾರೆ. ಕೋಡ್‌ನಲ್ಲಿ ಆ '+ 1' ಮೊದಲು ಕಂಡಾಗ, ಯಾರೋ ಹೆದರಿ ಸೇರಿಸಿದ್ದೆಂದು ಅಳಿಸಲು ಹೊರಟಿದ್ದವನು ನಾನು. ಕಳೆದುಹೋದ ಹೊತ್ತಿಗೆ ಇನ್ನೊಬ್ಬರಿಂದ ಬಾಡಿಗೆ ವಸೂಲಿ ಮಾಡಬಾರದೆಂಬ ಮರ್ಯಾದೆ ಅದರಲ್ಲಿತ್ತು.

ಆ ಭಾನುವಾರ ಹಲವರ ಕೈಹಿಡಿದ ಮದ್ದು ಒಂದೇ ಸಾಲಿನದು: ಈಗ ಗಂಟೆ ಎಷ್ಟೆಂದು ಗಡಿಯಾರವನ್ನೇ ಕೇಳಿ, ಅದು ಹೇಳಿದ್ದನ್ನೇ ಅದಕ್ಕೆ ತಿರುಗಿ ಹೊಂದಿಸುವುದು. ಗಂಟೆ ಬದಲಾಗಲಿಲ್ಲ. ಹೊಂದಿಸಿದ ನೆಪದಲ್ಲಿ ಒಳಭಾಗಕ್ಕೆ ಸುದ್ದಿ ಹೋಯಿತು, ಸರ್ವರ್‌ಗಳು ತಣ್ಣಗಾದವು.