ಹನ್ನೆರಡು ವರ್ಷದ ಹುಡುಗಿ

ಮಳೆಗಾಲದಲ್ಲಿ ಪತ್ರಿಕೆ ಬಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ಹುಡುಕುವುದು ಲಿಂಗನಮಕ್ಕಿಯ ನೀರಿನ ಮಟ್ಟವನ್ನು. 1819 ಅಡಿ ಮುಟ್ಟಲು ಇನ್ನೆಷ್ಟು ಬಾಕಿ, ನಿನ್ನೆಗಿಂತ ಎಷ್ಟು ಏರಿತು ಎಂದು ನೋಡಿಯೇ ಕಾಫಿ ಲೋಟಕ್ಕೆ ಕೈ ಹಾಕುವುದು. ಆಗಸ್ಟ್ 30 ಬಂತೆಂದರೆ ಮಕ್ಕಳಿಗೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಅಂದಿನಿಂದ ಒಂಬತ್ತು ದಿನ ನೊವೆನ, ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಮಾತೆ ಮರಿಯ ಹುಟ್ಟಿದ ದಿನ ಅದು. ಒಂಬತ್ತೂ ದಿನ ಬುಟ್ಟಿ ತುಂಬ ಹೂ ಬೇಕು. ನಮ್ಮ ಕಡೆ ಅದು ಡೇರೆ ಹೂವಿನ ಕಾಲ, ಹಾಗಾಗಿ ಹೂವಿಗೆ ಬರವಿಲ್ಲ. ಪಕ್ಕದ ಮನೆಯ ಅಮ್ಮ ಗೌರಿ ಹಬ್ಬಕ್ಕೆಂದು ಬೆಳೆಸಿದ ಗಿಡದಿಂದಲೂ ನಾಲ್ಕು ಹೂ ಕಿತ್ತು ನಮ್ಮ ಮಕ್ಕಳ ಬುಟ್ಟಿಗೆ ಹಾಕುತ್ತಾರೆ. ಹೊಸ ತೆನೆಯದೇ ಕಷ್ಟ. ಘಟ್ಟದ ಮೇಲೆ ಆಗಿನ್ನೂ ಗದ್ದೆ ಹಸಿರು. ಹೊನ್ನಾವರದ ಕಡೆಯ ನೆಂಟರು ಯಾರಾದರೂ ತಂದುಕೊಟ್ಟರೆ ಹಬ್ಬದ ಪಾಯಸಕ್ಕೆ ಹೊಸ ಅಕ್ಕಿಯ ಕಾಳು ಬೀಳುತ್ತದೆ.

ಭಾರತದ ಕಥೋಲಿಕ ಧರ್ಮಸಭೆ ಇದೇ ದಿನವನ್ನು ಹೆಣ್ಣುಮಗುವಿನ ದಿನವೆಂದೂ ಆಚರಿಸುತ್ತದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಬ್ಬ ಹುಡುಗಿಯ ಮುಖ ನೆನಪಾಗುತ್ತದೆ.

ನಾನು ಭಾನುವಾರದ ಧರ್ಮೋಪದೇಶದ ತರಗತಿ ತೆಗೆದುಕೊಳ್ಳುತ್ತಿದ್ದೆ. ಹನ್ನೊಂದು, ಹನ್ನೆರಡರ ಮಕ್ಕಳು. ಮೊಂತಿ ಹಬ್ಬದ ಹಿಂದಿನ ಭಾನುವಾರ ಒಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಹೂ ಕೊಯ್ದು ತರುವುದಕ್ಕೆ ನಾವೂ ಬೇಕು. ಬಲಿಪೂಜೆಯಲ್ಲಿ ಪೀಠದ ಹತ್ತಿರ ನಿಂತು ಗಂಟೆ ಬಾರಿಸುವುದಕ್ಕೆ ಹುಡುಗರು ಮಾತ್ರ ಯಾಕೆ?" ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ನಾನು, "ಅದೆಲ್ಲ ನಿನಗೆ ಬೇಡ, ಮೊದಲು ಜಪ ಸರಿಯಾಗಿ ಬಾಯಿಪಾಠ ಮಾಡು" ಎಂದೆ. ಅವಳು ಕೂತಳು. ಆ ವರ್ಷ ಮುಗಿಯುವವರೆಗೂ ತರಗತಿಗೆ ತಪ್ಪದೆ ಬಂದಳು, ಜಪಗಳನ್ನೆಲ್ಲ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಇನ್ನೊಂದು ಪ್ರಶ್ನೆ ಮಾತ್ರ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರವಿತ್ತು, ಅದೇ ನನ್ನನ್ನು ಹೆಚ್ಚು ನೋಯಿಸುವುದು. ಹೆಣ್ಣುಮಕ್ಕಳೂ ಪೀಠಸೇವೆ ಮಾಡಬಹುದೆಂದು ರೋಮ್ 1994ರಲ್ಲೇ ಹೇಳಿ, ತೀರ್ಮಾನವನ್ನು ಆಯಾ ಬಿಷಪರಿಗೆ ಬಿಟ್ಟಿತ್ತು. ಪವಿತ್ರ ಗುರುವಾರ ಪಾದ ತೊಳೆಯುವ ವಿಧಿಗೆ ಹೆಂಗಸರನ್ನೂ ಕೂರಿಸಬಹುದೆಂಬ ಆದೇಶ 2016ರಲ್ಲಿ ಬಂತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ವಾಚಕರ ಮತ್ತು ಪೀಠಸೇವಕರ ಅಧಿಕೃತ ಸೇವೆಯನ್ನು ಹೆಂಗಸರಿಗೂ ತೆರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಧರ್ಮೋಪದೇಶಕರ ಕೆಲಸಕ್ಕೂ ಧರ್ಮಸಭೆಯ ವಿಧಿವತ್ತಾದ ಸ್ಥಾನ ಕೊಟ್ಟರು. ಇವು ಪಂಡಿತರಿಗೆ ಬಿಟ್ಟ ವಿಷಯಗಳಲ್ಲ, ಹುಡುಗಿಯರ ಪುಸ್ತಕದಲ್ಲಿ ಇರಬೇಕಾದವು. ನಾನು ಓದಿಕೊಳ್ಳದೆ ಅವಳ ಬಾಯಿ ಮುಚ್ಚಿಸಿದೆ. ಅಧಿಕಾರಕ್ಕೆ ಹೆದರಿ ಮಾಡಿದ್ದೂ ಅಲ್ಲ. ಹುಡುಗಿಯರಿಗೆ ಭಕ್ತಿ ಕಲಿಸುವುದೆಂದರೆ ತಗ್ಗಿ ನಡೆಯುವುದನ್ನು ಕಲಿಸುವುದು ಎಂದು ನನ್ನೊಳಗೇ ಕೂತಿತ್ತು.

ಅವಳ ವಯಸ್ಸು ಹನ್ನೆರಡು ಎಂಬುದು ಆಮೇಲೆ ಒಂದು ರಾತ್ರಿ ಮಾರ್ಕನ ಶುಭಸಂದೇಶ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿತು. ಯಾಯೀರನ ಮಗಳಿಗೂ ಹನ್ನೆರಡೇ. ಅಪ್ಪ ಪ್ರಾರ್ಥನಾ ಮಂದಿರದ ಮುಖಂಡ, ಊರಲ್ಲಿ ಮಾನವಂತ. ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆಂದು ನೆರೆದ ಜನರೆದುರಿಗೇ ಯೇಸುಸ್ವಾಮಿಯ ಕಾಲಿಗೆ ಬೀಳುತ್ತಾನೆ. ಮಗಳಿಗಾಗಿ ಒಬ್ಬ ಅಪ್ಪ ಹಾಗೆ ಬೀಳುವುದನ್ನು ನಮ್ಮೂರಲ್ಲಿ ಎಷ್ಟು ಜನ ಕಂಡಿದ್ದೇವೆ?

ಅವನ ಮನೆಗೆ ಹೋಗುವ ದಾರಿಯಲ್ಲೇ ಇನ್ನೊಬ್ಬಳು ಬರುತ್ತಾಳೆ. ಹನ್ನೆರಡು ವರ್ಷದಿಂದ ನಿಲ್ಲದ ರಕ್ತಸ್ರಾವ. ಇದ್ದಬದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದು ಮುಗಿದಿದೆ. ಆ ಕಾಲದ ಕಟ್ಟಳೆಯಲ್ಲಿ ಅವಳು ಮೈಲಿಗೆ, ಮುಟ್ಟಿದ್ದೆಲ್ಲ ಮೈಲಿಗೆ. ಜನರ ನಡುವೆ ನುಸುಳಿ ಹಿಂದಿನಿಂದ ಯೇಸುಸ್ವಾಮಿಯ ಬಟ್ಟೆ ಮುಟ್ಟುತ್ತಾಳೆ. ಅವನು ನಿಂತುಬಿಡುತ್ತಾನೆ. ಯಾಯೀರನಿಗೆ ಒಂದೊಂದು ಗಳಿಗೆಯೂ ಜೀವದಷ್ಟು ತುಟ್ಟಿಯಾಗಿರುವಾಗ ಈ ಹೆಂಗಸಿನ ಪೂರ್ತಿ ಕಥೆ ಕೇಳಲು ನಿಲ್ಲುತ್ತಾನೆ. ಕೇಳಿದ ಮೇಲೆ ಅವಳನ್ನು ಮಗಳೆಂದು ಕರೆಯುತ್ತಾನೆ. ಒಬ್ಬಳು ಬದುಕಿದಷ್ಟು ಕಾಲವೂ ಇನ್ನೊಬ್ಬಳು ನರಳಿದ್ದಾಳೆ, ಇಬ್ಬರೂ ಒಂದೇ ದಿನ ಮಗಳಂದಿರಾಗುತ್ತಾರೆ.

ನನ್ನ ಕಿರಿಯವಳು ದೊಡ್ಡವಳಾದ ವಾರ ನಾನು ಅವಳಿಗೆ ಓದಿಸಿದ್ದು ಈ ಅಧ್ಯಾಯವನ್ನು. ಮಲೆನಾಡಿನಲ್ಲಿ ಬೆಳೆದ ಹುಡುಗಿ ಅವಳು. ಮುಟ್ಟಿನ ದಿನಗಳಲ್ಲಿ ಅಲ್ಲಿ ಕೂರಬೇಡ, ಇದನ್ನು ಮುಟ್ಟಬೇಡ ಎಂಬ ಮಾತುಗಳನ್ನು ಗೆಳತಿಯರ ಮನೆಗಳಲ್ಲಿ ಕೇಳಿದ್ದಳು. ನಮ್ಮ ಮನೆಗಳಲ್ಲಿ ಆ ಕಟ್ಟಳೆಗಳಿಲ್ಲ ಎಂದು ನಾವು ಹೇಳಿಕೊಳ್ಳುತ್ತೇವೆ. ನಿಜ, ಕಟ್ಟಳೆಯಿಲ್ಲ, ಆದರೆ ಮಾತೂ ಇಲ್ಲ. ತಾಯಂದಿರು ಕಾಗದದಲ್ಲಿ ಸುತ್ತಿದ ಪೊಟ್ಟಣ ಕೈಗಿಟ್ಟು ಮುಖ ತಿರುಗಿಸುತ್ತೇವೆ. ಮಗಳು ಓದಿ ಮುಗಿಸಿ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮಾ, ಅವನಿಗೆ ಅಸಹ್ಯ ಆಗಲಿಲ್ಲವಾ?" ಎಂದಳು. ಆಗಲಿಲ್ಲ ಮಗಾ, ಎಂದೆ. ಅವಳ ನಂಬಿಕೆ ಜಪದ ಪುಸ್ತಕದಿಂದ ಇಳಿದು ಅವಳ ಮೈಗೆ ತಾಗಿದ್ದು ಅವತ್ತು ಎಂದು ನನಗೆ ಅನ್ನಿಸಿತು. ಹೆಣ್ಣುಮಕ್ಕಳಿಗೆ ಧರ್ಮ ಕಲಿಸುವವರು ಈ ಒಂದು ಅಧ್ಯಾಯವನ್ನು ನಾಚಿಕೆಯಿಲ್ಲದೆ ಜೋರಾಗಿ ಓದಿ ವಿವರಿಸಲೇಬೇಕು. ಅದನ್ನು ಬಿಟ್ಟು ಶೀಲದ ಬಗ್ಗೆ ಎಷ್ಟು ಉಪದೇಶ ಮಾಡಿದರೂ ಹುಡುಗಿಯರ ಮನಸ್ಸಿನಲ್ಲಿ ಉಳಿಯುವುದು ಹೆದರಿಕೆ ಮಾತ್ರ.

ಯಾಯೀರನ ಮನೆಯಲ್ಲಿ ಆದದ್ದನ್ನು ಎಲ್ಲರೂ ಬಲ್ಲರು. ಯೇಸು ಅಳುವವರನ್ನು ಹೊರಗೆ ಕಳಿಸಿ, ಅಪ್ಪ ಅಮ್ಮನನ್ನು ಮತ್ತು ಮೂವರು ಶಿಷ್ಯರನ್ನು ಮಾತ್ರ ಒಳಗೆ ಕರೆದುಕೊಂಡು, ಹುಡುಗಿಯ ಕೈ ಹಿಡಿದು ಎಬ್ಬಿಸುತ್ತಾನೆ. ಅವಳು ಎದ್ದು ನಡೆದಾಡುತ್ತಾಳೆ. ಆಮೇಲೆ ಅವನು ಹೇಳುವ ಒಂದು ಮಾತನ್ನು ನಾವು ಪ್ರಸಂಗಗಳಲ್ಲಿ ಗಮನಿಸುವುದು ಕಡಿಮೆ. ಅವಳಿಗೆ ತಿನ್ನಲು ಏನಾದರೂ ಕೊಡಿ ಅನ್ನುತ್ತಾನೆ. ಎದ್ದು ಬಂದ ಮಗಳಿಂದ ಅವನು ಹರಕೆಯನ್ನಾಗಲಿ ಕೃತಜ್ಞತೆಯ ಜಪವನ್ನಾಗಲಿ ಕೇಳಲಿಲ್ಲ, ಅವಳ ಹಸಿವನ್ನು ನೋಡಿದ.

ನನ್ನ ಅತ್ತೆ ಇದನ್ನೆಲ್ಲ ಓದಿಕೊಂಡವರಲ್ಲ. ಮಾವ ಅಣೆಕಟ್ಟಿನ ಕೆಲಸಕ್ಕೆ ಗಾರೆ ಮೇಸ್ತ್ರಿಯಾಗಿ ಕರಾವಳಿಯಿಂದ ಬಂದಾಗ ಅವರಿನ್ನೂ ಎಳೆಯ ಸೊಸೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಶಿವಮೊಗ್ಗ ಧರ್ಮಕ್ಷೇತ್ರ ಆದದ್ದು 1988ರಲ್ಲಿ. ನಡುವಿನ 24 ವರ್ಷದಲ್ಲಿ ಗುರುಗಳು ಬರುವುದೇ ಅಪರೂಪವಾಗಿದ್ದ ದಿನಗಳನ್ನು ಅತ್ತೆ ಹೇಳುತ್ತಿದ್ದರು. ತಗಡಿನ ಶೆಡ್ಡು, ಸುತ್ತ ಕಾಡು, ಬಿಡದ ಮಳೆ. ಸಂಜೆಯಾದರೆ ಲಾಟೀನು ಹಚ್ಚಿ ಹೆಂಗಸರೇ ಮಕ್ಕಳನ್ನು ಒಟ್ಟು ಮಾಡಿ ತೇರ್ಸ್ ಹೇಳಿಸುತ್ತಿದ್ದರು. ಜಪಸರದ ಐದು ಹತ್ತುಗಳಲ್ಲಿ ಒಂದೊಂದನ್ನು ಒಂದೊಂದು ಮಗು ಮುಂದಾಳಾಗಿ ಹೇಳಬೇಕು, ಗಂಡು ಹೆಣ್ಣು ಎಂಬ ಭೇದವಿರಲಿಲ್ಲ. ಜಪ ಮುಗಿದ ಮೇಲೆ ಮಕ್ಕಳು ಸಾಲಾಗಿ ಹಿರಿಯರ ಬಳಿ ಕೈ ಜೋಡಿಸಿ ಬೆಸಾಂವ್ ಬೇಡಿ ಆಶೀರ್ವಾದ ಪಡೆಯುತ್ತಿದ್ದರು. ಕಾಯಿಲೆ ಬಿದ್ದವರ ಹತ್ತಿರ ಕೂತು ಜಪ ಹೇಳುವುದು, ಸತ್ತವರ ಮನೆಗೆ ಗಂಜಿ ಕೊಂಡುಹೋಗುವುದು, ಹುಟ್ಟಿದ ಕೂಸು ಬದುಕುವ ಹಾಗಿಲ್ಲವೆಂದರೆ ನೀರು ಹನಿಸಿ ಜ್ಞಾನಸ್ನಾನ ಕೊಡುವುದು, ಎಲ್ಲವನ್ನೂ ಅವರೇ ಮಾಡಿದರು. ಆ ಶೆಡ್ಡುಗಳಲ್ಲಿ ಧರ್ಮಸಭೆ ಅಂದರೆ ಆ ಹೆಂಗಸರೇ. ತಿಮೊಥೇಯನಿಗೆ ಬರೆಯುವಾಗ ಪೌಲನು ಅವನ ವಿಶ್ವಾಸದ ಮೂಲ ಹುಡುಕಿ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರು ಹಿಡಿದು ನೆನೆಯುತ್ತಾನೆ. ಅತ್ತೆಯ ಕಥೆ ಕೇಳುವಾಗ ನನಗೆ ಆ ಅಜ್ಜಿಯ ಮುಖ ಕಾಣುತ್ತಿತ್ತು.

ನಂಬಿಕೆ ಹೆಂಗಸರ ಕೈಯಲ್ಲಿ ಬೆಳೆಯುವುದು ಈ ಸೀಮೆಗೆ ಹೊಸದೂ ಅಲ್ಲ. 1887ರಲ್ಲಿ ಮಂಗಳೂರಿನಲ್ಲಿ ಉರ್ಬನ್ ಸ್ಟೈನ್ ಎಂಬ ಜರ್ಮನ್ ಗುರುಗಳು ಊರಿನದೇ ಕೆಲವು ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ, ಹೆಂಗಸರಿಗೆ ಮತ್ತು ಮಕ್ಕಳಿಗೆ ಧರ್ಮೋಪದೇಶ ಹೇಳುವ ಕೆಲಸ ಒಪ್ಪಿಸಿದರು. ಉರ್ಸುಲೈನ್ ಫ್ರಾನ್ಸಿಸ್ಕನ್ ಸೋದರಿಯರ ಸಭೆ ಬೆಳೆದದ್ದು ಅಲ್ಲಿಂದ. ಅದಕ್ಕಿಂತ ಎರಡು ಶತಮಾನ ಹಿಂದೆ, ನಮ್ಮ ಸಾಗರದ ಪಕ್ಕದ ಕೆಳದಿಯ ರಾಣಿ ಚೆನ್ನಮ್ಮನ ಕಾಲದಲ್ಲಿ ಪೋರ್ಚುಗೀಸರ ಜೊತೆ ಆದ ಒಪ್ಪಂದದಿಂದ ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಶರಾವತಿ ಹೋಗಿ ಸಮುದ್ರ ಸೇರುವ ಹೊನ್ನಾವರದಲ್ಲಿ ನಮ್ಮ ಹಿರಿಯರು ಮೊಣಕಾಲೂರಿದ್ದರೆ, ಅದರ ಹಿಂದೆ ಈ ಘಟ್ಟದ ಮೇಲೆ ರಾಜ್ಯವಾಳಿದ ಒಬ್ಬ ಶಿವಭಕ್ತೆಯ ಔದಾರ್ಯವೂ ಇತ್ತು. ನಮ್ಮ ಹೆಣ್ಣುಮಕ್ಕಳಿಗೆ ಸಂತರ ಚರಿತ್ರೆಯ ಜೊತೆ ಇದನ್ನೂ ಹೇಳಿಕೊಡಬೇಕೆಂದು ನನ್ನ ಆಸೆ.

ಈಗ ಹುಡುಗಿಯರು ಮನೆಯಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಪಿಯುಸಿ ಮುಗಿಯಿತೆಂದರೆ ನರ್ಸಿಂಗಿಗೋ ಡಿಗ್ರಿಗೋ ಶಿವಮೊಗ್ಗ, ಮಂಗಳೂರು, ಬೆಂಗಳೂರು. ನನ್ನ ದೊಡ್ಡವಳು ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಹಾಸ್ಟೆಲಿಗೆ ಬಂದು ಮಲಗುವ ಮೊದಲು ಒಂದು ಹತ್ತು ಜಪ ಹೇಳಿಕೊಳ್ಳುತ್ತಾಳಂತೆ. ಅದನ್ನು ಕೇಳಿ ಖುಷಿಪಟ್ಟೆ. ಆದರೆ ಅವಳು ಹೇಳಿದ ಇನ್ನೊಂದು ಮಾತು ಹೆಚ್ಚು ನೆನಪಿದೆ. ವಾರ್ಡಿನಲ್ಲಿ ಯಾರೋ ಒಬ್ಬರು ದಿನಾ ಕೈ ಹಿಡಿಯಲು ಬಂದಾಗ ಅವಳು ಸಹಿಸಿಕೊಂಡು ಸುಮ್ಮನಿರಲಿಲ್ಲ, ಬರೆದು ದೂರು ಕೊಟ್ಟಳು. "ಕ್ಷಮಿಸುವುದು ಬೇರೆ, ಬಾಯಿ ಮುಚ್ಚಿಕೊಳ್ಳುವುದು ಬೇರೆ ಅಲ್ವಾ ಅಮ್ಮಾ" ಎಂದಳು. ತರಗತಿಯಲ್ಲಿ ನಾನು ಈ ವ್ಯತ್ಯಾಸ ಕಲಿಸಿದ್ದೇ ಇಲ್ಲ. ಅವಳೇ ಕಲಿತುಕೊಂಡು ನನಗೆ ಕಲಿಸಿದಳು.

ಆಸ್ತಿಯ ಮಾತು ಬಂದಾಗಲೂ ಮನೆಯ ನಂಬಿಕೆ ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. ಅಪ್ಪನಿಗೆ ಗಂಡುಮಕ್ಕಳಿಲ್ಲದಾಗ ಐವರು ಅಕ್ಕತಂಗಿಯರು ಮೋಶೆಯ ಎದುರು, ಇಡೀ ಸಭೆಯ ಎದುರು ನಿಂತು ತಮ್ಮ ಪಾಲು ಕೇಳಿದ ಪ್ರಸಂಗ ಬೈಬಲಿನ ಸಂಖ್ಯಾಕಾಂಡದಲ್ಲಿದೆ. ಅವರ ಬೇಡಿಕೆ ನ್ಯಾಯವೆಂದು ದೇವರೇ ಒಪ್ಪಿದ. ಕೇರಳದಲ್ಲಿ ತಿರುವಾಂಕೂರಿನ 1916ರ ಕಾಯ್ದೆ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಗಂಡುಮಗನ ಪಾಲಿನ ಕಾಲು ಭಾಗವನ್ನೋ ಐದು ಸಾವಿರ ರೂಪಾಯಿಯನ್ನೋ, ಯಾವುದು ಕಡಿಮೆಯೋ ಅದನ್ನು ಕೊಡುತ್ತಿತ್ತು. ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅಲ್ಲೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂತು. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಆ ಕಾಯ್ದೆಯ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲು. ಆದರೂ ತೋಟ ಪಾಲಾಗುವಾಗ ಹೆಣ್ಣುಮಕ್ಕಳನ್ನು ಕರೆಸಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸುವ ಮನೆಗಳನ್ನು ನಾನು ನೋಡಿದ್ದೇನೆ. ಸಹಿ ಹಾಕಿಸಿ ಊಟವಾದ ಮೇಲೆ ಎಲ್ಲರೂ ಒಟ್ಟಿಗೆ ಕೂತು ತೇರ್ಸ್ ಹೇಳುತ್ತಾರೆ. ಆ ತೇರ್ಸಿನಲ್ಲಿ ಕೂತ ಮೊಮ್ಮಗಳು ಏನನ್ನು ಕಲಿಯುತ್ತಾಳೆ ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಂದು ಪ್ರಶ್ನೆ ಕೇಳಿದ ಹುಡುಗಿ ಹೋದ ವರ್ಷ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಂದು ಹಾಗೆ ಗದರಬಾರದಿತ್ತು, ನೀನು ಕೇಳಿದ್ದು ಸರಿಯಾಗಿತ್ತು ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. "ನಿಮಗೆ ನೆನಪಿದೆಯಾ ಟೀಚರ್?" ಎಂದಳು. ತಾಳಗುಪ್ಪದ ಬಸ್ಸು ಬಂತು, ಹೆಚ್ಚು ಮಾತಾಡಲು ಆಗಲಿಲ್ಲ.

ನಿನ್ನೆ ನೊವೆನದಲ್ಲಿ ವಾಚನ ಓದುವ ಸರದಿ ನನ್ನ ಕಿರಿಯವಳದು. ಮಳೆಗೆ ಕರೆಂಟು ಹೋಗಿ ಮೈಕು ಕೈಕೊಟ್ಟಿತ್ತು. ತಗಡಿನ ಮೇಲೆ ಬೀಳುವ ಮಳೆಯನ್ನು ಮೀರಿ ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಓದಿದಳು. ಮನೆಗೆ ಬರುವಷ್ಟರಲ್ಲಿ ಲಂಗವೆಲ್ಲ ಒದ್ದೆ, ಗಂಟಲು ಕಟ್ಟಿತ್ತು. ನಾನು ಛತ್ರಿ ಮಡಚಿಡುತ್ತಿದ್ದೆ. ಹಾಸಿಗೆ ಹಿಡಿದಿರುವ ಅತ್ತೆ ಒಳಗಿನಿಂದಲೇ ಕೂಗಿ ಕೇಳಿದರು, ಹುಡುಗಿ ಊಟ ಮಾಡಿತಾ ಎಂದು. ಅವಳ ಅಣ್ಣ ಎದ್ದು ಅಡುಗೆಮನೆಗೆ ಹೋಗಿ, ಸಾರು ಬಿಸಿಗಿಟ್ಟು ತಟ್ಟೆ ತೊಳೆದ.