ಮೊನಿಷಾ ಅಂದಾಗ ನಾನೇಕೆ ನಕ್ಕೆ?

ಹೊರನಾಡಿನಲ್ಲಿ ನಾಲ್ಕು ಜನರ ನಡುವೆ ಸೇರಿಕೊಳ್ಳೋದಕ್ಕೆ ಏನು ಬೇಕು? ಭಾಷೆ ಬೇಕು ಅಂತೀರಿ. ಅದಕ್ಕಿಂತ ಮೊದಲು, ಅವರು ಯಾವುದಕ್ಕೆ ನಗುತ್ತಾರೋ ಅದು ಗೊತ್ತಿರಬೇಕು.

2005ರಲ್ಲಿ ನಾನು ರಾಯಚೂರಿನಿಂದ ಬಂದು ಅಂಧೇರಿಯ ಒಂದು ಆಫೀಸಿಗೆ ಸೇರಿದಾಗ ಮಧ್ಯಾಹ್ನದ ಡಬ್ಬಿಯ ಟೇಬಲ್ಲಿನಲ್ಲಿ ಇದ್ದದ್ದು ಒಂದೇ ಮಾತು, ‘ಸಾರಾಭಾಯ್ ವರ್ಸಸ್ ಸಾರಾಭಾಯ್’. 2004ರ ನವೆಂಬರಿನಲ್ಲಿ ಸ್ಟಾರ್ ವನ್ ವಾಹಿನಿಯಲ್ಲಿ ಶುರುವಾಗಿದ್ದ ಹಾಸ್ಯ ಧಾರಾವಾಹಿ ಅದು. ಅತ್ತೆ-ಸೊಸೆ ಕಣ್ಣೀರಿಡುವ ಸೀರಿಯಲ್ಲುಗಳೇ ತುಂಬಿದ್ದ ಕಾಲದಲ್ಲಿ ಅತ್ತೆ-ಸೊಸೆಯನ್ನೇ ಇಟ್ಟುಕೊಂಡು ನಗಿಸಿತ್ತು. ಟಿ.ಆರ್.ಪಿ. ಆಗ ಹೆಚ್ಚೇನೂ ಇರಲಿಲ್ಲ. ಜನ ಹುಚ್ಚಾದದ್ದು ಆಮೇಲೆ, ಮರುಪ್ರಸಾರದಲ್ಲಿ. ನಮ್ಮ ಟೇಬಲ್ಲಿಗೆ ಮಾತ್ರ ಮೊದಲೇ ಹಿಡಿದಿತ್ತು. ಒಬ್ಬ ರೋಸೇಶನ ಧ್ವನಿಯಲ್ಲಿ ಕವಿತೆ ಓದುವವನು, ಇನ್ನೊಬ್ಬ ಕಿವಿ ಕೇಳದ ಮಧುಸೂದನ ಫೂಫಾ ಥರ ‘ಹೇಂ?’ ಅನ್ನುವವನು. ಎಪಿಸೋಡು ನೋಡದವರು ಸುಮ್ಮನೆ ಚಪಾತಿ ಮುರಿಯಬೇಕು, ಅಷ್ಟೇ.

ನನಗೆ ಅದು ದೊಡ್ಡ ಅನುಕೂಲವೇ ಆಯಿತು. ಅವರ ಕಾಲೇಜು ನನ್ನದಲ್ಲ, ಅವರ ಗಲ್ಲಿಯ ಗಣಪತಿ ನನ್ನದಲ್ಲ. ಆದರೆ ನಿನ್ನೆ ರಾತ್ರಿಯ ಅರ್ಧ ಗಂಟೆ ಎಲ್ಲರಿಗೂ ಸಮಪಾಲು. ಪಿ.ಜಿ. ಆಂಟಿಯ ಟೀವಿ ಮುಂದೆ ಕೂತು ನೋಡಿದ್ದೇ ನನ್ನ ಪಾಸ್‌ಪೋರ್ಟು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕಫ್ ಪರೇಡಿನ ಸಿರಿವಂತ ಗುಜರಾತಿ ಮನೆ. ಅತ್ತೆ ಮಾಯಾಗೆ (ರತ್ನಾ ಪಾಠಕ್ ಶಾ) ನೋಯ್ಡಾದಿಂದ ಬಂದ ಸೊಸೆಯ ಚೌಕಾಸಿ, ಮಾತು, ಸೀರೆ, ಪರ್ಸು ಎಲ್ಲವೂ ‘ಮಿಡ್ಲ್ ಕ್ಲಾಸ್’. ಸೊಸೆಯ ಅಸಲು ಹೆಸರು ಮನೀಷಾ. ಅದೂ ಮಿಡ್ಲ್ ಕ್ಲಾಸ್ ಅಂತ ಅತ್ತೆ ಮೊನಿಷಾ ಮಾಡಿಬಿಟ್ಟಿದ್ದಾಳೆ.

ಒಂದು ದಿನ ಯಾರೋ ಸಾಬುದಾಣಾ ಖಿಚಡಿ ಮುಂದೆ ಹಿಡಿದರು. ‘ಮೇರೆಕು ನಕ್ಕೋ’ ಅಂದೆ. ರಾಯಚೂರಿನಲ್ಲಿ ಬಜಾರಿನ ಹಿಂದಿ ಅಂದರೆ ದಖನಿ, ಅದು ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬಳು ಥೇಟ್ ಮಾಯಾಳ ರಾಗದಲ್ಲಿ ‘ಮೊನಿಷಾ...’ ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮೂರು ವರ್ಷ ಆ ಹೆಸರು ನನ್ನ ಮೇಲೆ ಹಾಗೇ ಉಳಿಯಿತು.

ಅವತ್ತಿನಿಂದ ಬಿಡದೆ ಕಾಡಿದ ಪ್ರಶ್ನೆ ಇದು: ನಗೆಗೆ ಗುರಿಯಾದವಳೂ ನಕ್ಕರೆ ಅದು ಒಪ್ಪಿಗೆಯೇ?

ಪುಣೆಯಲ್ಲಿರುವ ನನ್ನ ಕುಂದಾಪುರದ ಗೆಳತಿ ಹೌದು ಅಂತಾಳೆ. ‘ಎಂತದು ಮಾರಾಯ್ತಿ, ತಮಾಷೆ ಮಾಡಿದ್ದು ನಿನ್ನನ್ನು ಒಳಗೆ ತಕೊಂಡದ್ದಕ್ಕೆ ಅಲ್ವಾ? ಹೊರಗಿನವರಿಗೆ ಯಾರು ಅಡ್ಡಹೆಸರು ಇಡ್ತಾರೆ?’ ಅವಳ ಮಾತಲ್ಲಿ ಸತ್ಯ ಇದೆ. ಹೆಸರು ಬಿದ್ದ ಮೇಲೇ ನನ್ನ ಡಬ್ಬಿಯ ಶೇಂಗಾ ಚಟ್ನಿಪುಡಿಗೆ ಕೈ ಬರಲು ಶುರುವಾದದ್ದು. ಫ್ರೆಂಚ್ ತತ್ವಜ್ಞಾನಿ ಬರ್ಗ್‌ಸನ್ 1900ರಲ್ಲಿ ನಗುವಿನ ಬಗ್ಗೆ ಒಂದು ಪುಸ್ತಕ ಬರೆದ. ನಗು ಯಾವಾಗಲೂ ಒಂದು ಗುಂಪಿನ ನಗು, ಅದಕ್ಕೆ ಆ ಗಳಿಗೆಯ ಮಟ್ಟಿಗಾದರೂ ಹೃದಯ ಮರಗಟ್ಟಬೇಕು ಅನ್ನೋದು ಅವನ ವಾದ. ಆದರೆ ನಗುವವಳೂ ನಗೆಗೆ ಗುರಿಯಾದವಳೂ ಒಬ್ಬಳೇ ಆದಾಗ ಯಾವ ಹೃದಯ ಮರಗಟ್ಟಬೇಕು? ನನ್ನದನ್ನು ನಾನೇ ಮರಗಟ್ಟಿಸಿಕೊಳ್ಳಬೇಕು. ಒಳಗೆ ಬರೋದಕ್ಕೆ ಕೊಟ್ಟ ಬಾಡಿಗೆ ಅದು. ಬಾಡಿಗೆ ಕೊಟ್ಟವರೆಲ್ಲ ಖುಷಿಯಿಂದ ಕೊಟ್ಟರು ಅಂತ ಹೇಳೋಕಾಗುತ್ತದೆಯೇ?

ಹಾಗಂತ ಧಾರಾವಾಹಿಯನ್ನು ದೂರಲು ನನಗೆ ಮನಸ್ಸಿಲ್ಲ. ಅಲ್ಲಿ ಮೊನಿಷಾ ನಾಚೋದಿಲ್ಲ. ಅವಳಿಗೂ ಬರವಣಿಗೆಗಾರರು ಒಳ್ಳೆಯ ಮಾತು ಕೊಟ್ಟಿದ್ದಾರೆ, ಅತ್ತೆಯ ಡೌಲನ್ನೂ ಅಷ್ಟೇ ಗೇಲಿ ಮಾಡಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ ಮಾವ ಇಂದ್ರವದನ ಇದ್ದಾನೆ, ಹೆಂಡತಿಯ ಕಾಲೆಳೆದು ಸೊಸೆಯ ಪಕ್ಷ ವಹಿಸೋನು. ನಮ್ಮ ಟೇಬಲ್ಲಿನಲ್ಲಿ ಮಾಯಾ ಆಗೋದಕ್ಕೆ ಪೈಪೋಟಿ ಇತ್ತು. ಇಂದ್ರವದನನ ಕುರ್ಚಿ ಖಾಲಿ. ನನಗೆ ಮಾತು ಬರೆದುಕೊಡುವವರೂ ಇರಲಿಲ್ಲ. ಪರದೆಯ ಮೇಲಿನ ಜೋಕು ಊಟದ ಟೇಬಲ್ಲಿಗೆ ಇಳಿದಾಗ ಅರ್ಧ ಮಾತ್ರ ಇಳಿಯುತ್ತದೆ.

ಇದೇನು ಹಿಂದಿಯವರ ಕಥೆ ಮಾತ್ರ ಅಲ್ಲ. ಕನ್ನಡದವರ ಒಂದು ಸಮಾರಂಭದಲ್ಲಿ ‘ಯಾಕ್ರೀ, ಊಟಾ ಆತೇನ್ರೀ’ ಅಂದದ್ದಕ್ಕೆ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ‘ಇನ್ನೊಂದ್ಸಲ ಹೇಳಮ್ಮಾ, ಕಾಮಿಡಿ ಸೀರಿಯಲ್ ಕೇಳಿದ ಹಾಗಿದೆ’ ಅಂದರು. ಪ್ರೀತಿಯಿಂದಲೇ ಅಂದದ್ದು. ಅಲ್ಲಿ ನನಗೆ ನಗು ಬರಲಿಲ್ಲ. ‘ನಮ್ಮವ್ವ ಸತ್ತಾಗೂ ಇದೇ ಭಾಷಾದಾಗ ಅತ್ತೀನ್ರೀ’ ಅಂದೆ. ಅವರು ಪಾಪ, ತಟ್ಟೆ ಹಿಡಿದು ಹಾಗೇ ನಿಂತರು. ಹಿಂದಿ ನನ್ನ ಮೇಲು ಹೊದಿಕೆ, ಅದನ್ನು ಎಳೆದರೆ ಸಹಿಸಬಹುದು, ಇದು ಚರ್ಮ.

2025ರ ಅಕ್ಟೋಬರಿನಲ್ಲಿ ಇಂದ್ರವದನನ ಪಾತ್ರಧಾರಿ ಸತೀಶ್ ಶಾ ತೀರಿಕೊಂಡರು. ಈಗ ಬೇರೆ ಬೇರೆ ಊರಲ್ಲಿರುವ ಡಬ್ಬಿ ಗೆಳೆಯರಲ್ಲೊಬ್ಬಳು ಸಂದೇಶ ಕಳಿಸಿದ್ದಳು: ‘ಮೊನಿಷಾ, ಸುದ್ದಿ ನೋಡಿದೆಯಾ?’ ನಾನು ‘ಹೌ’ ಅಂತ ದಖನಿಯಲ್ಲೇ ಉತ್ತರ ಬರೆದೆ. ಆಮೇಲೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು, 1983ರ ‘ಜಾನೇ ಭೀ ದೋ ಯಾರೋ’ದಲ್ಲಿ ಅವರು ಹೆಣವಾಗಿ ನಗಿಸಿದ್ದರ ತನಕ.